ಗಾಳಿಯ ಮೇಲೆ ನಿಂತ ಚೆಂಡು

ಶಾಲೆಗಳಲ್ಲಿ ಏರ್ಪಡುವ ವಿಜ್ಞಾನ ವಸ್ತುಪ್ರದರ್ಶನಗಳಿಗೆ ಹೋದವರು ಒಂದಲ್ಲ ಒಂದು ಸಲ ಈ ಪ್ರಯೋಗವನ್ನು ನೋಡಿರುತ್ತಾರೆ. ಕೂದಲು ಒಣಗಿಸುವ ಹೇರ್ ಡ್ರೈಯರನ್ನು ಬಾಯಿ ಮೇಲಾಗಿ ಹಿಡಿದು, ಅದರಿಂದ ಹೊರಡುವ ಗಾಳಿಯಲ್ಲಿ ಟೇಬಲ್ ಟೆನಿಸ್ ಚೆಂಡೊಂದನ್ನು ಮೆಲ್ಲಗೆ ಬಿಡುತ್ತಾರೆ. ಚೆಂಡು ಕೆಳಗೆ ಬೀಳುವುದಿಲ್ಲ. ಮೇಲಕ್ಕೆ ಹಾರಿಯೂ ಹೋಗುವುದಿಲ್ಲ. ದಾರವಿಲ್ಲದೆ, ಕಂಬವಿಲ್ಲದೆ, ತುಸು ನಡುಗುತ್ತ ಒಂದೇ ಎತ್ತರದಲ್ಲಿ ನಿಂತುಬಿಡುತ್ತದೆ. ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಮರಳಿ ತನ್ನ ಸ್ಥಾನಕ್ಕೆ ಬರುತ್ತದೆ. ಇನ್ನೂ ವಿಸ್ಮಯದ ಸಂಗತಿಯೆಂದರೆ, ಯಂತ್ರವನ್ನು ಓರೆಯಾಗಿ ವಾಲಿಸಿದರೂ ಚೆಂಡು ಗಾಳಿಯ ಸಂಗವನ್ನು ಬಿಡದೆ ಅದರೊಡನೆಯೇ ವಾಲಿ ನಿಲ್ಲುತ್ತದೆ.

ಈ ನೋಟ ಇಂದು ನಿನ್ನೆಯದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಈಜಿಪ್ತಿನ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಹೀರೋ ಎಂಬ ಯಂತ್ರಕುಶಲಿಯು ತನ್ನ 'ನ್ಯೂಮಾಟಿಕ' ಎಂಬ ಗ್ರಂಥದಲ್ಲಿ, ಕುದಿಯುವ ನೀರಿನ ಪಾತ್ರೆಯಿಂದ ಮೇಲೇಳುವ ಹಬೆಯ ಧಾರೆಯು ಹಗುರವಾದ ಗುಂಡೊಂದನ್ನು ಎತ್ತಿ ಹಿಡಿಯುವ ಏರ್ಪಾಟನ್ನು ವರ್ಣಿಸಿದ್ದಾನೆ. ಉದ್ಯಾನಗಳ ಕಾರಂಜಿಯ ಮೇಲೆ ಕುಣಿಯುವ ಚೆಂಡೂ, ಪುಟ್ಟ ಕೊಳವೆಯ ತುದಿಯ ಬುಟ್ಟಿಯಲ್ಲಿ ಹಗುರ ಗುಂಡನ್ನಿರಿಸಿ ಮಕ್ಕಳು ಊದುವ ಆಟಿಕೆಯೂ ಇದೇ ಬಳಗಕ್ಕೆ ಸೇರಿದವು.

ಇದು ಹೇಗೆ ಸಾಧ್ಯ ಎಂದು ಮಕ್ಕಳು ಕೇಳಿದಾಗ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: "ಇದು ಬರ್ನೂಲಿಯ ತತ್ತ್ವ. ವೇಗವಾಗಿ ಚಲಿಸುವ ಗಾಳಿಯಲ್ಲಿ ಒತ್ತಡ ಕಡಿಮೆ. ಸುತ್ತಲಿನ ನಿಶ್ಚಲ ಗಾಳಿಯಲ್ಲಿ ಒತ್ತಡ ಹೆಚ್ಚು. ಹೊರಗಿನ ಒತ್ತಡವೇ ಚೆಂಡನ್ನು ಒಳಕ್ಕೆ ತಳ್ಳುತ್ತದೆ." ಅನೇಕ ಪುಸ್ತಕಗಳಲ್ಲಿ ಈ ವಾಕ್ಯಗಳು ಅಚ್ಚಾಗಿವೆ. ಮಕ್ಕಳು ಅವುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆಯುತ್ತಾರೆ. ಆದರೆ ಈ ಉತ್ತರದಲ್ಲಿ ಒಂದು ದೊಡ್ಡ ಕೊರತೆಯಿದೆ. ಆ ಕೊರತೆಯನ್ನು ಕಂಡುಕೊಳ್ಳಲು ಪ್ರಯೋಗಾಲಯವೇನೂ ಬೇಡ; ಒಂದು ಹಾಳೆ ಕಾಗದ ಸಾಕು. ಈ ಸಂಚಿಕೆಯಲ್ಲಿ ಅದನ್ನೇ ವಿಚಾರ ಮಾಡೋಣ.

ಒಂದು ನೋಟ, ಎರಡು ಪ್ರಶ್ನೆ

ಮೊದಲಿಗೆ ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ಚೆಂಡು ಕೆಳಗೇಕೆ ಬೀಳುವುದಿಲ್ಲ ಎಂಬುದು ಒಂದು ಪ್ರಶ್ನೆ. ಪಕ್ಕಕ್ಕೇಕೆ ಜಾರಿಹೋಗುವುದಿಲ್ಲ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಉತ್ತರದಲ್ಲಿ ಕಟ್ಟಿಹಾಕಲು ಹೋಗುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮೊದಲನೆಯ ಪ್ರಶ್ನೆ ಸುಲಭವಾದುದು. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಗಾಳಿಯು ಎದೆಯನ್ನು ಹಿಂದಕ್ಕೆ ನೂಕುವುದರ ಅನುಭವ ಚೆನ್ನಾಗಿಯೇ ಇರುತ್ತದೆ. ಚೆಂಡಿನ ತಳಕ್ಕೆ ಬಡಿಯುವ ಗಾಳಿಯೂ ಹಾಗೆಯೇ ಅದನ್ನು ಮೇಲಕ್ಕೆ ನೂಕುತ್ತದೆ. ತಳದಲ್ಲಿ ಗಾಳಿ ಬಂದು ತಡೆಯಲ್ಪಡುವುದರಿಂದ ಅಲ್ಲಿ ಒತ್ತಡ ಹೆಚ್ಚುತ್ತದೆ; ಚೆಂಡಿನ ನೆತ್ತಿಯ ಹಿಂದೆ ಗಾಳಿ ಸುಳಿಸುಳಿಯಾಗಿ ಒಡೆದುಹೋಗುವುದರಿಂದ ಅಲ್ಲಿ ಒತ್ತಡ ತಗ್ಗುತ್ತದೆ. ಈ ಎರಡರ ಅಂತರವೇ ಚೆಂಡನ್ನು ಎತ್ತಿ ಹಿಡಿಯುವ ಬಲ.

ಈ ಬಲವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎಂದರೆ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟಾಗುತ್ತದೆ. ಈಗ ಬಳಕೆಯಲ್ಲಿರುವ ಟೇಬಲ್ ಟೆನಿಸ್ ಚೆಂಡಿನ ವ್ಯಾಸ 40 ಮಿಲಿಮೀಟರ್, ತೂಕ 2.7 ಗ್ರಾಂ. 2000ನೆಯ ಇಸವಿಗೆ ಮೊದಲು ವ್ಯಾಸ 38 ಮಿಲಿಮೀಟರ್ ಇದ್ದಿತು. ಈ ಅಳತೆಗಳನ್ನಿಟ್ಟು ಲೆಕ್ಕ ಹಾಕಿದರೆ, ಚೆಂಡಿನ ತೂಕವನ್ನು ಹೊರಲು ಗಾಳಿಯು ಸೆಕೆಂಡಿಗೆ ಸುಮಾರು 8ರಿಂದ 9 ಮೀಟರ್ ವೇಗದಲ್ಲಿ ಮೇಲೆ ಬರಬೇಕೆಂದು ತಿಳಿಯುತ್ತದೆ. ಗಂಟೆಯ ಲೆಕ್ಕದಲ್ಲಿ ಇದು ಸುಮಾರು 30 ಕಿಲೋಮೀಟರ್. ಊರೊಳಗಿನ ರಸ್ತೆಯಲ್ಲಿ ಸಮಾಧಾನವಾಗಿ ಸಾಗುವ ಸ್ಕೂಟರಿನ ವೇಗವಿದು. ಸಾಧಾರಣ ಹೇರ್ ಡ್ರೈಯರ್ ಇದನ್ನು ಸಲೀಸಾಗಿ ಒದಗಿಸುತ್ತದೆ.

ಇದಕ್ಕೆ ಬೇಕಾದ ಒತ್ತಡದ ಅಂತರ ಎಷ್ಟೆಂಬುದನ್ನು ತಿಳಿದರೆ ಅಚ್ಚರಿಯಾಗುತ್ತದೆ. ಚೆಂಡಿನ ತೂಕವನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಸುಮಾರು 21 ಪಾಸ್ಕಲ್ ಬರುತ್ತದೆ. ಸಮುದ್ರಮಟ್ಟದಲ್ಲಿ ನಮ್ಮನ್ನೆಲ್ಲ ಸುತ್ತುವರಿದ ವಾತಾವರಣದ ಒತ್ತಡ 1,01,325 ಪಾಸ್ಕಲ್. ಅದರ ಐದು ಸಾವಿರದಲ್ಲಿ ಸುಮಾರು ಒಂದು ಪಾಲಿನಷ್ಟು ಹೆಚ್ಚುಕಡಿಮೆಯಾದರೆ ಸಾಕು, ಚೆಂಡು ನೆಲ ಬಿಟ್ಟು ನಿಲ್ಲುತ್ತದೆ. ಬಟ್ಟಲಿನಲ್ಲಿ ನಿಂತ ಎರಡು ಮಿಲಿಮೀಟರ್ ಆಳದ ನೀರು ಬಟ್ಟಲಿನ ತಳದ ಮೇಲೆ ಹೇರುವ ಭಾರವೂ ಇಷ್ಟೇ.

ಎತ್ತರವನ್ನು ಗೊತ್ತುಮಾಡುವವರು ಯಾರು?

ಚೆಂಡು ನಿರ್ದಿಷ್ಟವಾದ ಒಂದು ಎತ್ತರದಲ್ಲಿಯೇ ನಿಲ್ಲುವುದೇಕೆ? ಯಂತ್ರದ ಬಾಯಿಯಿಂದ ಹೊರಟ ಗಾಳಿಯು ಮೇಲೇರಿದಂತೆಲ್ಲ ಸುತ್ತಲಿನ ನಿಶ್ಚಲ ಗಾಳಿಯನ್ನು ತನ್ನೊಡನೆ ಸೆಳೆದುಕೊಳ್ಳುತ್ತ ಅಗಲವಾಗುತ್ತದೆ. ಅಗಲವಾದಂತೆ ಅದರ ವೇಗ ತಗ್ಗುತ್ತದೆ. ಆದುದರಿಂದ ಬಾಯಿಯ ಹತ್ತಿರ ಬಲ ಹೆಚ್ಚು. ದೂರ ಹೋದಂತೆ ಕಡಿಮೆ. ಇವೆರಡರ ನಡುವೆ ಎಲ್ಲಿಯೋ ಒಂದೆಡೆ ಗಾಳಿಯ ನೂಕು ಚೆಂಡಿನ ತೂಕಕ್ಕೆ ಸರಿಸಮನಾಗುತ್ತದೆ. ಚೆಂಡು ಅದಕ್ಕಿಂತ ಕೆಳಗಿಳಿದರೆ ಬಿರುಸಾದ ಗಾಳಿ ಮೇಲಕ್ಕೆ ಕಳುಹಿಸುತ್ತದೆ. ಮೇಲೇರಿದರೆ ಗಾಳಿ ಸೋಲುತ್ತದೆ, ತೂಕ ಕೆಳಕ್ಕೆ ತರುತ್ತದೆ. ತಗ್ಗಿನಲ್ಲಿಟ್ಟ ಗೋಲಿಯನ್ನು ಎತ್ತ ತಳ್ಳಿದರೂ ಮರಳಿ ತಗ್ಗಿಗೇ ಬರುವಂತೆ, ಚೆಂಡು ಆ ಎತ್ತರಕ್ಕೇ ಹಿಂದಿರುಗುತ್ತದೆ. ಇದನ್ನು ಸ್ಥಿರ ಸಮತೋಲ ಎನ್ನುತ್ತಾರೆ.

ಇಷ್ಟು ತಿಳಿದ ಮೇಲೆ ನಮ್ಮ ರೈತರ ಕಣವನ್ನು ನೆನೆಯದೆ ಇರಲಾಗದು. ಒಕ್ಕಿದ ರಾಶಿಯನ್ನು ಮೊರದಲ್ಲಿ ತುಂಬಿ, ಎತ್ತರದಲ್ಲಿ ನಿಂತು, ಬೀಸುವ ಗಾಳಿಗೆ ಮೆಲ್ಲಗೆ ಸುರಿಯುವಾಗ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಹೋಗಿ ಬೀಳುತ್ತದೆ. ಕಾಳಿಗೂ ಹೊಟ್ಟಿಗೂ ತಗಲುವ ಗಾಳಿ ಒಂದೇ. ಆದರೆ ತನ್ನ ತೂಕಕ್ಕೆ ಹೋಲಿಸಿದಾಗ ಹೊಟ್ಟು ಗಾಳಿಗೆ ಒಡ್ಡುವ ಮೈ ಬಹಳ ಹೆಚ್ಚು. ಕಾಳು ಒಡ್ಡುವ ಮೈ ಕಡಿಮೆ. ಚೆಂಡನ್ನು ಎತ್ತುವ ಲೆಕ್ಕವೂ ತೂರುವವರ ಲೆಕ್ಕವೂ ಒಂದೇ ಆಗಿದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಕಟ್ಟಿದವರಿಗೆ ಸೂತ್ರ ಗೊತ್ತಿರಲಿಲ್ಲ. ಆದರೆ ಎಷ್ಟು ಗಾಳಿಗೆ ಯಾವ ರಾಶಿಯನ್ನು ತೂರಬೇಕೆಂಬ ಅಳತೆ ಅವರ ಕೈಯಲ್ಲಿಯೇ ಇದ್ದಿತು. ಟೇಬಲ್ ಟೆನಿಸ್ ಚೆಂಡನ್ನು ಎತ್ತುವ ಗಾಳಿ ಕ್ರಿಕೆಟ್ ಚೆಂಡನ್ನು ಎತ್ತಲಾರದು. ಅದಕ್ಕೆ ಗಂಟೆಗೆ ನೂರು ಕಿಲೋಮೀಟರನ್ನು ಮೀರಿದ ಬಿರುಗಾಳಿಯೇ ಬೇಕಾಗುತ್ತದೆ.

ಕಾಗದದ ಸಾಕ್ಷಿ

ಇನ್ನು ಎರಡನೆಯ ಪ್ರಶ್ನೆ. ಚೆಂಡು ಪಕ್ಕಕ್ಕೆ ಜಾರದಿರುವುದೇಕೆ? ವೇಗದ ಗಾಳಿಯಲ್ಲಿ ಒತ್ತಡ ಕಡಿಮೆ ಎಂಬ ರೂಢಿಯ ಉತ್ತರವನ್ನು ಪರೀಕ್ಷೆಗೆ ಒಡ್ಡೋಣ.

ಒಂದು ಹಾಳೆಯನ್ನು ಅದರ ಮೇಲಿನ ಅಂಚಿನಲ್ಲಿ ಹಿಡಿದು ನೇರವಾಗಿ ಕೆಳಗೆ ಇಳಿಬಿಡಿ. ಅದರ ಒಂದು ಮಗ್ಗುಲಿನಲ್ಲಿ ಮಾತ್ರ, ಹಾಳೆಗೆ ಸಮಾಂತರವಾಗಿ, ಮೇಲಿನಿಂದ ಕೆಳಕ್ಕೆ ಊದಿರಿ. ರೂಢಿಯ ಉತ್ತರ ಸರಿಯಾಗಿದ್ದ ಪಕ್ಷದಲ್ಲಿ, ಊದಿದ ಕಡೆ ಒತ್ತಡ ಕಡಿಮೆಯಾಗಿ ಹಾಳೆಯು ಆ ಕಡೆಗೆ ಎದ್ದು ಬರಬೇಕು. ಆದರೆ ಹಾಳೆ ಹಾಗೆ ಬರುವುದಿಲ್ಲ, ಇದ್ದಲ್ಲಿಯೇ ಇರುತ್ತದೆ. ಈಗ ಅದೇ ಹಾಳೆಯ ಒಂದು ಅಂಚನ್ನು ಕೆಳತುಟಿಯ ಬಳಿ ಹಿಡಿಯಿರಿ. ಹಾಳೆಯ ಉಳಿದ ಭಾಗ ಮುಂದಕ್ಕೆ ಬಾಗಿ ಜೋತುಬಿದ್ದಿರುತ್ತದೆ. ಅದರ ಬೆನ್ನ ಮೇಲೆ ಊದಿದರೆ ಹಾಳೆ ಮೇಲೆದ್ದು ಬರುತ್ತದೆ! ಎರಡರಲ್ಲಿಯೂ ಊದಿದ ಬಾಯಿ ಒಂದೇ, ಗಾಳಿಯ ವೇಗವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಒಂದರಲ್ಲಿ ಮಾತ್ರ: ಮೊದಲನೆಯದು ನೇರವಾದ ಹಾಳೆ, ಎರಡನೆಯದು ಬಾಗಿದ ಹಾಳೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಹೋಲ್ಗರ್ ಬಾಬಿನ್ಸ್ಕಿ ಅವರು ವಿಮಾನದ ರೆಕ್ಕೆಯನ್ನು ಕುರಿತು 2003ರಲ್ಲಿ ಬರೆದ ಲೇಖನದಲ್ಲಿ ಈ ಪರೀಕ್ಷೆಯನ್ನು ಮುಂದಿಟ್ಟು, ರೂಢಿಯ ವಿವರಣೆಯ ದೋಷವನ್ನು ಅಧ್ಯಾಪಕರ ಗಮನಕ್ಕೆ ತಂದರು.

ಹಾಗಾದರೆ ಬರ್ನೂಲಿಯ ತತ್ತ್ವವೇ ಸುಳ್ಳೆ? ಖಂಡಿತ ಅಲ್ಲ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ 'ಹೈಡ್ರೊಡೈನಮಿಕ' ಗ್ರಂಥದಿಂದ ಬಂದ ಈ ತತ್ತ್ವ ಇಂದಿಗೂ ಸತ್ಯವೇ. ದೋಷವಿರುವುದು ಅದನ್ನು ಅನ್ವಯಿಸುವ ಬಗೆಯಲ್ಲಿ. ಬರ್ನೂಲಿಯ ಸೂತ್ರವು ಒಂದು ಸಂಸಾರದ ಜಮಾಖರ್ಚಿನ ಲೆಕ್ಕದಂತೆ. ಮನೆಯ ವರಮಾನ ಗೊತ್ತಾದಷ್ಟೇ ಇರುವಾಗ ಬಟ್ಟೆಬರೆಗೆ ಹೆಚ್ಚು ಖರ್ಚಾದರೆ ದಿನಸಿಗೆ ಉಳಿಯುವ ಹಣ ಕಡಿಮೆಯಾಗುತ್ತದೆ. ಆದರೆ ನೆರೆಮನೆಯವರು ಬಟ್ಟೆಗೆ ಹೆಚ್ಚು ಖರ್ಚು ಮಾಡಿದರೆಂದ ಮಾತ್ರಕ್ಕೆ, ಅವರ ದಿನಸಿಯ ಹಣ ನಮ್ಮದಕ್ಕಿಂತ ಕಡಿಮೆಯೆಂದು ಹೇಳಲಾಗದು. ಅವರ ವರಮಾನವೇ ಹೆಚ್ಚಿರಬಹುದು. ಒಂದೇ ಹರಿವಿನಲ್ಲಿ ಸಾಗುವ ಗಾಳಿಯು ಒಂದೆಡೆ ವೇಗವನ್ನು ಗಳಿಸಿದರೆ ಅಲ್ಲಿ ಅದರ ಒತ್ತಡ ಇಳಿಯುತ್ತದೆ ಎಂಬುದು ನಿಜ. ಆದರೆ ಯಂತ್ರದಿಂದ ಹೊರಟ ಗಾಳಿ ಒಂದು ಸಂಸಾರ, ಕೋಣೆಯ ನಿಶ್ಚಲ ಗಾಳಿ ಮತ್ತೊಂದು. ಮೊದಲನೆಯದಕ್ಕೆ ಯಂತ್ರದೊಳಗಿನ ಫ್ಯಾನು ಹೆಚ್ಚಿನ ಶಕ್ತಿಯನ್ನು ಕೊಟ್ಟು ಕಳುಹಿಸಿದೆ. ಆದುದರಿಂದ ವೇಗ ಹೆಚ್ಚಿದ್ದರೂ, ತೆರೆದ ಜಾಗಕ್ಕೆ ಬಂದ ಆ ಧಾರೆಯ ಒತ್ತಡ ಸುತ್ತಲಿನ ಒತ್ತಡಕ್ಕೆ ಬಹುಮಟ್ಟಿಗೆ ಸಮನಾಗಿಯೇ ಇರುತ್ತದೆ. ನೇರ ಹಾಳೆ ಅಲುಗದೆ ನಿಂತು ಹೇಳುವುದು ಈ ಸತ್ಯವನ್ನೇ.

ಬಾಗಿದ ಗಾಳಿಯ ಪ್ರತಿಕ್ರಿಯೆ

ಬಾಗುವಿಕೆಯಲ್ಲಿಯೇ ಗುಟ್ಟಿದೆ ಎಂಬುದನ್ನು ಹಾಳೆಯಿಂದ ಕಲಿತೆವು. ಚೆಂಡಿನ ಮೈಯೂ ಬಾಗಿದುದೇ ಅಲ್ಲವೆ?

ಚೆಂಡು ಗಾಳಿಯ ನಡುಗೆರೆಯಿಂದ ತುಸು ಬಲಕ್ಕೆ ಸರಿಯಿತೆಂದು ಭಾವಿಸೋಣ. ಆಗ ಧಾರೆಯ ಬಿರುಸಾದ ಭಾಗ ಚೆಂಡಿನ ಎಡಮೈಯನ್ನು ಉಜ್ಜಿಕೊಂಡು ಮೇಲೇರುತ್ತದೆ. ಉಬ್ಬಿದ ಮೈಯನ್ನು ತಗಲಿದ ಧಾರೆಗೆ ಅದನ್ನು ಬಿಟ್ಟು ನೇರವಾಗಿ ಹೋಗುವುದು ಸುಲಭವಲ್ಲ. ಮೈಗೂ ಧಾರೆಗೂ ನಡುವಿನ ಅಲ್ಪಸ್ವಲ್ಪ ಗಾಳಿಯನ್ನು ಧಾರೆಯೇ ಸೆಳೆದೊಯ್ಯುತ್ತದೆ. ಅಲ್ಲಿಗೆ ಬೇರೆ ಗಾಳಿ ಬಂದು ತುಂಬಲು ದಾರಿಯಿಲ್ಲ. ಹೀಗಾಗಿ ಧಾರೆಯು ಚೆಂಡಿನ ಮೈಗೆ ಅಂಟಿಕೊಂಡಂತೆ ಬಳಸಿಕೊಂಡು ಹೋಗಿ, ನೆತ್ತಿಯ ಬಳಿ ಬಲಕ್ಕೆ ತಿರುಗಿ ಹೊರಬೀಳುತ್ತದೆ. ಧಾರೆಗಳ ಈ ಅಂಟಿಕೊಳ್ಳುವ ಗುಣವನ್ನು ಮೇಣದಬತ್ತಿಯ ಜ್ವಾಲೆಯ ಉದಾಹರಣೆಯೊಡನೆ ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲಿಯೇ ಗುರುತಿಸಿದ್ದನು. 1930ರ ದಶಕದಲ್ಲಿ ರುಮೇನಿಯ ದೇಶದ ಇಂಜಿನಿಯರ್ ಹೆನ್ರಿ ಕೊಆಂಡ ಇದನ್ನು ಯಂತ್ರಗಳಲ್ಲಿ ಬಳಸಿಕೊಳ್ಳಲು ಪೇಟೆಂಟುಗಳನ್ನು ಪಡೆದನು. ಆದುದರಿಂದ ಇದಕ್ಕೆ ಕೊಆಂಡ ಪರಿಣಾಮ ಎಂಬ ಹೆಸರೇ ನಿಂತಿದೆ.

ಈಗ ನ್ಯೂಟನ್ 1687ರಲ್ಲಿ ಲೋಕಕ್ಕೆ ಕೊಟ್ಟ ಮೂರನೆಯ ನಿಯಮವನ್ನು ಸ್ಮರಿಸಿರಿ. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದ್ದೇ ಇರುತ್ತದೆ. ಚೆಂಡು ಗಾಳಿಯನ್ನು ಬಲಕ್ಕೆ ತಿರುಗಿಸಿತು. ಗಾಳಿಯು ಚೆಂಡನ್ನು ಎಡಕ್ಕೆ ತಳ್ಳಿತು. ಎಡಕ್ಕೆಂದರೆ ಧಾರೆಯ ನಡುವಿಗೆ! ಚೆಂಡು ಎಡಕ್ಕೆ ಸರಿದರೆ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ. ಚೆಂಡು ಯಾವ ದಿಕ್ಕಿಗೆ ದಾರಿ ತಪ್ಪಿದರೂ, ತಪ್ಪಿದ ಕಡೆಗೆ ಗಾಳಿಯನ್ನು ಎಸೆದು ತಾನು ದಾರಿಗೆ ಮರಳುತ್ತದೆ.

ಇದನ್ನೇ ಒತ್ತಡದ ಭಾಷೆಯಲ್ಲಿಯೂ ಹೇಳಬಹುದು. ಹೊಲದಲ್ಲಿ ಹಕ್ಕಿಗಳನ್ನು ಬೆದರಿಸಲು ಕವಣೆ ಬೀಸುವಾಗ, ಕಲ್ಲು ಸುತ್ತು ತಿರುಗಬೇಕಾದರೆ ಕೈಯು ಅದನ್ನು ಸದಾ ಒಳಕ್ಕೆ ಎಳೆಯುತ್ತಿರಬೇಕು. ಚೆಂಡಿನ ಸುತ್ತ ತಿರುಗುವ ಗಾಳಿಗೂ ಅಂಥದೊಂದು ಒಳಮುಖದ ಬಲ ಬೇಕು. ಹೊರಗಡೆ ಒತ್ತಡ ಹೆಚ್ಚಿದ್ದು ಚೆಂಡಿನ ಮೈಯ ಬಳಿ ಕಡಿಮೆಯಾದಾಗ ಮಾತ್ರ ಆ ಬಲ ದೊರೆಯುತ್ತದೆ. ಆದುದರಿಂದ ಧಾರೆ ಬಳಸಿದ ಮಗ್ಗುಲಿನಲ್ಲಿ ಒತ್ತಡ ನಿಜವಾಗಿಯೂ ತಗ್ಗಿರುತ್ತದೆ. ರೂಢಿಯ ಉತ್ತರದಲ್ಲಿಯೂ ಕಡಿಮೆ ಒತ್ತಡದ ಮಾತಿದೆ, ನಿಜ. ಆದರೆ ಗಾಳಿ ಕೇವಲ ಓಡುವುದರಿಂದ ಒತ್ತಡ ತಗ್ಗಿತೆಂಬುದು ಅದರ ವಾದ. ಗಾಳಿ ಬಾಗುವುದರಿಂದ ತಗ್ಗಿತೆಂಬುದು ವಾಸ್ತವ. ಫಲ ಒಂದೇ ಆದರೂ ಕಾರಣ ಬೇರೆ. ವಿಮಾನದ ರೆಕ್ಕೆಯನ್ನು ಎತ್ತಿ ಹಿಡಿಯುವುದೂ ಹೀಗೆ ಕೆಳಕ್ಕೆ ಬಾಗಿಸಲ್ಪಟ್ಟ ಗಾಳಿಯ ಪ್ರತಿಕ್ರಿಯೆಯೇ.

ಓರೆಯಾಗಿ ವಾಲಿಸಿದ ಗಾಳಿಯಲ್ಲಿಯೂ ಚೆಂಡು ಏಕೆ ನಿಲ್ಲುತ್ತದೆಂಬುದು ಈಗ ತಾನಾಗಿಯೇ ಸ್ಪಷ್ಟವಾಗುತ್ತದೆ. ತೂಕದಿಂದಾಗಿ ಚೆಂಡು ಧಾರೆಯ ನಡುಗೆರೆಗಿಂತ ತುಸು ಕೆಳಗೆ ಜಗ್ಗಿರುತ್ತದೆ. ಬಿರುಸಾದ ಗಾಳಿ ಅದರ ಬೆನ್ನಿನ ಮೇಲಿಂದ ಸಾಗಿ ಕೆಳಕ್ಕೆ ಬಾಗುತ್ತದೆ; ಚೆಂಡನ್ನು ಮೇಲಕ್ಕೆ ಎತ್ತುತ್ತದೆ. ಮಿತಿಮೀರಿ ವಾಲಿಸಿದಾಗ ಈ ಎತ್ತುವ ಬಲ ತೂಕಕ್ಕೆ ಸಾಲದೆ ಹೋಗಿ ಚೆಂಡು ಬೀಳುತ್ತದೆ.

ಆಸ್ಪತ್ರೆಯಲ್ಲಿ ಕಾಣುವ ಚೆಂಡು

ಇದು ಬರಿಯ ಮಕ್ಕಳ ಆಟವೆಂದು ಭಾವಿಸಬಾರದು. ಆಮ್ಲಜನಕದ ಸಿಲಿಂಡರಿಗೆ ಜೋಡಿಸಿದ ಗಾಜಿನಂಥ ನಳಿಕೆಯಲ್ಲಿ ಪುಟ್ಟ ಗುಂಡೊಂದು ತೇಲುತ್ತಿರುವುದನ್ನು ಎಷ್ಟೋ ಮನೆಗಳವರು 2021ರ ಕೊರೊನಾ ದಿನಗಳಲ್ಲಿ ಆತಂಕದಿಂದ ನೋಡಿದ್ದಾರೆ. ಆ ನಳಿಕೆ ಕೆಳಗೆ ಕಿರಿದಾಗಿದ್ದು ಮೇಲೆ ಹೋದಂತೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತದೆ. ಆಮ್ಲಜನಕ ಹೆಚ್ಚು ಹರಿದರೆ ಗುಂಡು ಮೇಲೇರುತ್ತದೆ; ಏರಿದಂತೆ ಅದರ ಸುತ್ತಲಿನ ಸಂದು ದೊಡ್ಡದಾಗಿ, ಆ ಸಂದಿನಲ್ಲಿ ಹರಿಯುವ ಅನಿಲದ ವೇಗ ಗುಂಡಿನ ತೂಕವನ್ನು ಹೊರುವಷ್ಟಕ್ಕೇ ಇಳಿದಾಗ ನಿಂತುಬಿಡುತ್ತದೆ. ನಿಂತ ಎತ್ತರವೇ ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತಿದೆಯೆಂಬುದನ್ನು ತಿಳಿಸುತ್ತದೆ. ಇಂಥ ಮಾಪಕವನ್ನು ಜರ್ಮನಿಯ ಆಕೆನ್ ನಗರದ ಕಾರ್ಲ್ ಕ್ಯುಪರ್ಸ್ 1908ರಲ್ಲಿ ರೂಪಿಸಿದನು.

ರೋಗಿಯ ಬಳಿ ಕುಳಿತವರು ಇಲ್ಲಿ ಎರಡು ಸಂಗತಿಗಳನ್ನು ತಿಳಿದಿರಬೇಕು. ಗುಂಡು ನಿಲ್ಲುವುದು ತನ್ನ ತೂಕ ಮತ್ತು ಅನಿಲದ ನೂಕು ಇವುಗಳ ಸಮತೋಲದಿಂದ. ಆದುದರಿಂದ ನಳಿಕೆ ನೆಟ್ಟಗೆ ನಿಂತಿರಬೇಕು. ವಾಲಿದ ನಳಿಕೆ ತಪ್ಪು ಅಳತೆಯನ್ನು ತೋರಿಸುತ್ತದೆ. ಎರಡನೆಯದಾಗಿ, ಕಣ್ಣನ್ನು ಗುಂಡಿನ ಮಟ್ಟಕ್ಕೆ ತಂದು, ಗುಂಡಿನ ನಡುಭಾಗ ಯಾವ ಗೆರೆಗೆ ಸರಿಹೊಂದಿದೆಯೋ ಅದನ್ನು ಓದಬೇಕು. ಗುಂಡಿನ ನೆತ್ತಿಯನ್ನಾಗಲಿ ತಳವನ್ನಾಗಲಿ ಅಲ್ಲ. ವೈದ್ಯರು ಹೇಳಿದ ಪ್ರಮಾಣವನ್ನು ಬದಲಿಸುವ ಅಧಿಕಾರ ನಮಗಿಲ್ಲ. ಹೇಳಿದಷ್ಟೇ ಹರಿಯುತ್ತಿದೆಯೇ ಎಂದು ಸರಿಯಾಗಿ ಓದುವ ಹೊಣೆ ಮಾತ್ರ ನಮ್ಮದು.

ಶಸ್ತ್ರಚಿಕಿತ್ಸೆಯಾದವರಿಗೆ ಉಸಿರಿನ ವ್ಯಾಯಾಮಕ್ಕೆಂದು ಕೊಡುವ ಮೂರು ಚೆಂಡುಗಳ ಸಾಧನವೂ ಇದೇ ಜಾತಿಯದು. ಸಾಮಾನ್ಯವಾಗಿ ಅದರ ಮೇಲೆ 600, 900, 1200 ಎಂಬ ಸಂಖ್ಯೆಗಳಿರುತ್ತವೆ. ಸೆಕೆಂಡಿಗೆ ಅಷ್ಟು ಮಿಲಿಲೀಟರ್ ಗಾಳಿ ಸಾಗಿದರೆ ಒಂದನೆಯ, ಎರಡನೆಯ, ಮೂರನೆಯ ಚೆಂಡುಗಳು ಏಳುತ್ತವೆ ಎಂದರ್ಥ. ಚೆಂಡನ್ನು ಕಂಡೊಡನೆ ಊದಬೇಕೆಂದು ತೋರುವುದು ಸಹಜ. ಆದರೆ ಈ ಸಾಧನವನ್ನು ಊದಬಾರದು. ಕೊಳವೆಯನ್ನು ಬಾಯಲ್ಲಿಟ್ಟು ಉಸಿರನ್ನು ಒಳಕ್ಕೆ ಎಳೆದುಕೊಳ್ಳಬೇಕು. ಒಳಗೆಳೆದ ಉಸಿರಿನ ಹರಿವೇ ಚೆಂಡನ್ನು ಎತ್ತುತ್ತದೆ. ಮುದುಡಿದ ಶ್ವಾಸಕೋಶ ಅರಳುವುದೂ ಅದರಿಂದಲೇ. ಮನೆಯಲ್ಲಿ ಹಿರಿಯರಿಗೆ ಈ ವ್ಯಾಯಾಮ ಮಾಡಿಸುವ ಮಕ್ಕಳು ಮೊಮ್ಮಕ್ಕಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ವಿಜ್ಞಾನಿಗಳ ಪ್ರಯೋಗಾಲಯದಲ್ಲಿಯೂ ಈ ತೇಲುವಿಕೆಗೆ ಸ್ಥಾನವುಂಟು. ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣದಲ್ಲಿ ಕರಗುವ ವಸ್ತುಗಳನ್ನು ಮೂಸೆಯಲ್ಲಿಟ್ಟರೆ ಮೂಸೆಯ ಕಲ್ಮಶ ಅದರೊಳಗೆ ಬೆರೆಯುತ್ತದೆ. ಆದುದರಿಂದ ಕೆಲವೇ ಮಿಲಿಮೀಟರ್ ಗಾತ್ರದ ಮಣಿಯನ್ನು ಶಂಕುವಿನಾಕಾರದ ಬಾಯಿಯಿಂದ ಹೊಮ್ಮುವ ಅನಿಲದ ಮೇಲೆ ತೇಲಿಸಿ, ಲೇಸರ್ ಕಿರಣದಿಂದ ಕಾಯಿಸಿ ಕರಗಿಸುತ್ತಾರೆ. ಯಾವ ಪಾತ್ರೆಯನ್ನೂ ಮುಟ್ಟದ ಆ ಹನಿಯನ್ನು ಹಾಗೆಯೇ ಪರಿಶೀಲಿಸುತ್ತಾರೆ.

ಮನೆಯಲ್ಲಿ ಮಾಡಿ ನೋಡಿರಿ

ಹಿರಿಯರೊಬ್ಬರು ಜೊತೆಗಿದ್ದು ಮಕ್ಕಳಿಂದ ಮಾಡಿಸಬಹುದಾದ ಮೂರು ಪ್ರಯೋಗಗಳು ಇಲ್ಲಿವೆ. ಹೇರ್ ಡ್ರೈಯರಿನಲ್ಲಿ ತಣ್ಣನೆಯ ಗಾಳಿಯನ್ನೇ ಬಳಸಬೇಕು. ಒದ್ದೆ ಕೈಯಲ್ಲಿ ಮುಟ್ಟಬಾರದು. ಹಳೆಯ ಸೆಲ್ಯುಲಾಯ್ಡ್ ಚೆಂಡುಗಳು ಬೇಗ ಬೆಂಕಿ ಹಿಡಿಯುವಂಥವಾದುದರಿಂದ ಎಚ್ಚರಿಕೆ ಅಗತ್ಯ. ಚಿಕ್ಕ ಗುಂಡುಗಳನ್ನು ಎಳೆಯ ಮಕ್ಕಳ ಕೈಗೆ ಕೊಡಬಾರದು.

ಒಂದು: ಹೇರ್ ಡ್ರೈಯರನ್ನು ತುಸು ವಾಲಿಸಿ ಚೆಂಡನ್ನು ತೇಲಿಸಿರಿ. ಚೆಂಡಿನಿಂದ ಆಚೆಗೆ ತೆಳುವಾದ ಕಾಗದದ ಪಟ್ಟಿಯೊಂದನ್ನು ಗಾಳಿಯಲ್ಲಿ ಹಿಡಿಯಿರಿ. ಚೆಂಡು ಇಲ್ಲದಾಗ ಪಟ್ಟಿ ಯಾವ ದಿಕ್ಕಿಗೆ ಹಾರುತ್ತದೆ, ಇದ್ದಾಗ ಯಾವ ದಿಕ್ಕಿಗೆ ಹಾರುತ್ತದೆ ಎಂದು ಹೋಲಿಸಿರಿ. ಚೆಂಡು ಇದ್ದಾಗ ಪಟ್ಟಿ ಕೆಳಮುಖವಾಗಿ ಹಾರುವುದನ್ನು ಕಾಣುವಿರಿ. ಬಾಗಿದ ಗಾಳಿಯನ್ನು ಕಣ್ಣಾರೆ ಕಾಣಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಎರಡು: ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಧಾರೆಗೆ ಚಮಚದ ಉಬ್ಬಿದ ಬೆನ್ನನ್ನು ಮೆಲ್ಲಗೆ ತಾಗಿಸಿರಿ. ಚಮಚದ ತುದಿಯನ್ನು ಸಡಿಲವಾಗಿ ಹಿಡಿದಿದ್ದರೆ ಅದು ದೂರ ತಳ್ಳಲ್ಪಡುವ ಬದಲು ಧಾರೆಯೊಳಕ್ಕೇ ಎಳೆಯಲ್ಪಡುತ್ತದೆ. ನೀರು ಚಮಚಕ್ಕೆ ಅಂಟಿಕೊಳ್ಳುವುದಕ್ಕೆ ನೀರಿನದೇ ಆದ ಅಂಟುಗುಣವೂ ಸೇರಿರುತ್ತದೆ. ಆದರೆ ಧಾರೆ ಒಂದು ಕಡೆಗೆ ಬಾಗಿದಾಗ ಚಮಚ ಇನ್ನೊಂದು ಕಡೆಗೆ ಸರಿಯುವ ನಿಯಮ ಒಂದೇ.

ಮೂರು: ಎಣ್ಣೆ ಸುರಿಯುವ ಲಾಳಿಕೆಯನ್ನು ಬಾಯಿ ಕೆಳಗಾಗಿ ಹಿಡಿದು, ಒಳಗೆ ಚೆಂಡನ್ನಿಟ್ಟು ಬೆರಳಿನಿಂದ ಆನಿಸಿ, ನಳಿಕೆಯ ಕಡೆಯಿಂದ ಜೋರಾಗಿ ಊದುತ್ತ ಬೆರಳನ್ನು ತೆಗೆಯಿರಿ. ಊದುವವರೆಗೂ ಚೆಂಡು ಬೀಳುವುದಿಲ್ಲ. ಉಸಿರು ನಿಂತೊಡನೆ ಬೀಳುತ್ತದೆ. ಇಲ್ಲಿ ಬರ್ನೂಲಿಯ ಲೆಕ್ಕ ಸರಿಯಾಗಿಯೇ ಹೊಂದುತ್ತದೆ. ಏಕೆಂದರೆ ಇದು ಒಂದೇ ಹರಿವಿನ, ಒಂದೇ ಸಂಸಾರದ ಲೆಕ್ಕ. ಕಿರಿದಾದ ಸಂದಿನಲ್ಲಿ ವೇಗವಾಗಿ ನುಗ್ಗುವ ಅದೇ ಗಾಳಿ, ಅಗಲವಾದ ಕಡೆ ನಿಧಾನವಾಗಿ ಹೊರಗಿನ ಒತ್ತಡಕ್ಕೆ ಬಂದು ಸೇರುತ್ತದೆ. ಹೀಗಾಗಿ ಸಂದಿನಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆಯಿರುತ್ತದೆ; ಕೆಳಗಿನ ವಾತಾವರಣ ಚೆಂಡನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ.

ಮಕ್ಕಳು ಪರೀಕ್ಷೆಗೆ ಓದುವಾಗ ಪುಸ್ತಕದ ಮಾತಿಗೂ ಪ್ರಯೋಗದ ಮಾತಿಗೂ ಹೊಂದಿಕೆಯಾಗದಿದ್ದರೆ, ಪುಸ್ತಕವನ್ನು ಎಸೆಯಬೇಕಾಗಿಲ್ಲ. ಪ್ರಯೋಗವನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಹಾಳೆಯನ್ನು ಶಾಲೆಗೆ ಒಯ್ದು, "ಗುರುಗಳೇ, ಇದೇಕೆ ಹೀಗೆ?" ಎಂದು ವಿನಯದಿಂದ ಕೇಳಲಿ. ಒಳ್ಳೆಯ ಗುರುಗಳು ಅಂಥ ಪ್ರಶ್ನೆಗೆ ಸಂತೋಷಪಡುತ್ತಾರೆ. ಉತ್ತರವನ್ನು ಬಾಯಿಪಾಠ ಮಾಡಿದವನಿಗೆ ಅಂಕ ಬರುತ್ತದೆ. ಒಮ್ಮೆ ಊದಿ ನೋಡಿದವನಿಗೆ ಅರಿವು ಬರುತ್ತದೆ. ತಾಯಿತಂದೆಗಳು ಮನೆಯಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟರೆ ಆ ಅರಿವು ಇಡೀ ಮನೆಯದಾಗುತ್ತದೆ.

ಮಕ್ಕಳು ಯೋಚಿಸಲು ಕೊನೆಗೊಂದು ಪ್ರಶ್ನೆ: ಗಾತ್ರದಲ್ಲಿ ಒಂದೇ ಆಗಿದ್ದು ತೂಕದಲ್ಲಿ ಮಾತ್ರ ಬೇರೆಯಾದ ಎರಡು ಚೆಂಡುಗಳನ್ನು ಒಂದಾದ ಮೇಲೊಂದರಂತೆ ಅದೇ ಗಾಳಿಯಲ್ಲಿ ತೇಲಿಸಿದರೆ, ಯಾವುದು ಹೆಚ್ಚು ಎತ್ತರದಲ್ಲಿ ನಿಲ್ಲುತ್ತದೆ? ಮೊದಲು ಕಾರಣ ಹೇಳಿ ಉತ್ತರಿಸಿರಿ. ಆಮೇಲೆ ಮಾಡಿ ನೋಡಿರಿ.